ಕಡಲ ಮೇಲೊಂದು ಪಂಕ್ತಿ

ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ ಮೇಲೆ ನಮ್ಮ ಮನೆಗಳ ಹಿರಿಯರ ಪ್ರವಾಸದ ಪಟ್ಟಿಯೂ ಉದ್ದವಾಗಿದೆ. ಶ್ರೀಶೈಲ, ಕಾಶಿ, ಕೇದಾರಗಳ ದರ್ಶನವಾದರೆ ಬಾಳು ಸಾರ್ಥಕವೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. ಇಂದು ಆ ಪಟ್ಟಿಗೆ ನಯಾಗರಾ ಜಲಪಾತ ಸೇರಿದೆ. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಸೇರಿದೆ. ಇತ್ತೀಚಿನ ವರ್ಷಗಳಲ್ಲಿ ‘ಕ್ರೂಸ್’ ಎಂದು ಕರೆಯುವ ವಿಹಾರ ನೌಕಾಯಾನವೂ ಸೇರಿಕೊಂಡಿದೆ. ಹೋಗಿ ಬಂದವರನ್ನು ಬಂಧುಗಳು ಕೇಳುವ ಮೊದಲ ಪ್ರಶ್ನೆ ಕಡಲನ್ನು ಕುರಿತದ್ದಲ್ಲ, ಹಿಮಪರ್ವತವನ್ನು ಕುರಿತದ್ದೂ ಅಲ್ಲ. “ಏಳು ದಿನ ನೀರಿನ ಮೇಲಿದ್ದಿರಲ್ಲ, ಊಟಕ್ಕೆ ಏನು ಮಾಡಿದಿರಿ?” ಎಂಬುದೇ ಆ ಪ್ರಶ್ನೆ. ಪ್ರಶ್ನೆ ಸಣ್ಣದಾಗಿ ಕಂಡರೂ ಸಸ್ಯಾಹಾರದ ವ್ರತವನ್ನು ಬಾಳಿನುದ್ದಕ್ಕೂ ಪಾಲಿಸಿಕೊಂಡು ಬಂದ ಮನೆತನಗಳಿಗೆ ಅದು ಸಣ್ಣದಲ್ಲ. ಆದುದರಿಂದ ಅದಕ್ಕೆ ತುಸು ವಿವರವಾಗಿಯೇ ಉತ್ತರಿಸಲು ಯತ್ನಿಸುತ್ತೇವೆ.

2024ರ ಜೂನ್ ತಿಂಗಳಿನಲ್ಲಿ ನಾವು ಸಿಯಾಟಲ್ ನಗರದಿಂದ ಅಲಾಸ್ಕಾಗೆ ಹಡಗಿನಲ್ಲಿ ಹೋಗಿಬಂದೆವು. ನಾವಿಬ್ಬರು ದಂಪತಿಗಳು, ದಾವಣಗೆರೆಯಿಂದ ಬಂದಿದ್ದ ನಮ್ಮ ಅಕ್ಕನವರು, ಸಿಯಾಟಲ್ಲಿನಲ್ಲಿರುವ ಮಗಳು ಮತ್ತು ಅಳಿಯಂದಿರು, ಅವರ ಇಬ್ಬರು ಮಕ್ಕಳು, ಹುಬ್ಬಳ್ಳಿಯ ಬೀಗರು ದಂಪತಿಗಳು, ಹೀಗೆ ಒಟ್ಟು ಒಂಬತ್ತು ಜನ. ಎಪ್ಪತ್ತಾರು ವರ್ಷದ ಅಕ್ಕನವರು ಲಿಂಗಪೂಜೆಯಾಗದೆ ಬಾಯಿಗೆ ನೀರನ್ನೂ ಹಾಕದವರು. ಮಾಂಸ ಬೇಯುವ ಅಡುಗೆಮನೆಯ ಊಟವನ್ನು ಅವರು ಅದುವರೆಗೆ ಮುಟ್ಟಿದವರಲ್ಲ. ಅವರನ್ನು ಬಿಟ್ಟು ಹೋಗಲು ನಮಗೆ ಮನಸ್ಸಿಲ್ಲ; ಅವರನ್ನು ಉಪವಾಸ ಕೆಡವಲಂತೂ ಸಾಧ್ಯವಿಲ್ಲ. ಹೊರಡುವ ನಾಲ್ಕು ತಿಂಗಳ ಮೊದಲೇ ನಮ್ಮ ಮನೆಯಲ್ಲಿ ಊಟದ ಚರ್ಚೆ ಆರಂಭವಾದುದು ಈ ಕಾರಣದಿಂದ.

ಹಡಗಿನಲ್ಲಿ ಎರಡು ಬಗೆಯ ಊಟ

ನಾಲ್ಕು ಸಾವಿರ ಪ್ರಯಾಣಿಕರು ಹಿಡಿಸುವ ಹಡಗೆಂದರೆ ಅದೊಂದು ತೇಲುವ ಊರೇ ಸರಿ. ಅದರಲ್ಲಿ ಊಟದ ವ್ಯವಸ್ಥೆ ಎರಡು ತೆರನಾಗಿದೆ. ಮೊದಲನೆಯದು ಟಿಕೆಟ್ಟಿನ ಹಣದಲ್ಲಿಯೇ ಸೇರಿರುವ ಊಟ. ನೂರಾರು ಜನ ಒಟ್ಟಿಗೆ ಕುಳಿತು ಉಣ್ಣುವ ಮುಖ್ಯ ಭೋಜನಶಾಲೆ ಮತ್ತು ಬೇಕಾದುದನ್ನು ತಾವೇ ಬಡಿಸಿಕೊಳ್ಳುವ ಬಫೆ ಈ ವರ್ಗಕ್ಕೆ ಸೇರುತ್ತವೆ. ಎರಡನೆಯದು ‘ಸ್ಪೆಷಾಲಿಟಿ ರೆಸ್ಟೋರೆಂಟ್’ ಎಂದು ಕರೆಯುವ ವಿಶೇಷ ಭೋಜನಶಾಲೆಗಳು. ಇಟಲಿಯ ಅಡುಗೆಗೆ ಒಂದು, ಫ್ರಾನ್ಸಿನ ಅಡುಗೆಗೆ ಒಂದು, ಜಪಾನಿನದಕ್ಕೆ ಒಂದು, ಮೆಕ್ಸಿಕೋದ್ದಕ್ಕೆ ಒಂದು, ಬರಿಯ ಮಾಂಸದ ಸುಡುಗೆಗೆ ಇನ್ನೊಂದು, ಹೀಗೆ ಅವು ಬೇರೆ ಬೇರೆ. ಇವುಗಳಿಗೆ ಟಿಕೆಟ್ಟಿನ ಮೇಲೆ ಪ್ರತ್ಯೇಕ ಹಣ ತೆರಬೇಕು. ಜಾಗವನ್ನು ಮುಂಗಡವಾಗಿ ಕಾಯ್ದಿರಿಸಬೇಕು.

ಈ ಎರಡನೆಯ ಪದ್ಧತಿ ಹೊಸದೆಂದು ಹಲವರು ಭಾವಿಸಿರುವುದುಂಟು. ವಾಸ್ತವವಾಗಿ ಇದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1905ರಲ್ಲಿ ಜರ್ಮನಿಯ ಹ್ಯಾಂಬರ್ಗ್–ಅಮೆರಿಕ ಕಂಪನಿಯು ‘ಅಮೆರಿಕಾ’ ಎಂಬ ತನ್ನ ಹಡಗಿನಲ್ಲಿ ಪ್ರಸಿದ್ಧ ಹೋಟೆಲ್ ನಿರ್ಮಾತೃ ಸೀಸರ್ ರಿಟ್ಜ್ ಅವರ ಹೆಸರಿನ ಭೋಜನಶಾಲೆಯನ್ನು ತೆರೆಯಿತು. ಹಣ ಕೊಟ್ಟು, ಬೇಕಾದ ಹೊತ್ತಿಗೆ, ಬೇಕಾದುದನ್ನು ಹೇಳಿ ಮಾಡಿಸಿಕೊಳ್ಳುವ ಸೌಕರ್ಯ ಅಲ್ಲಿತ್ತು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿಯೂ ಪ್ರಥಮ ದರ್ಜೆಯವರಿಗೆಂದು ಇಂತಹುದೇ ಒಂದು ಭೋಜನಶಾಲೆಯನ್ನು ಲುಯಿಜಿ ಗಟ್ಟಿ ಎಂಬ ಇಟಲಿಯವರು ನಡೆಸುತ್ತಿದ್ದರು. ಆ ದುರಂತದಲ್ಲಿ ಅವರೂ ಅವರ ಸಿಬ್ಬಂದಿಯೂ ಬಲಿಯಾದರು; ಬದುಕಿ ಉಳಿದವರು ಮೂವರೇ.

ಆನಂತರದ ಬಹುಕಾಲ ವಿಹಾರ ನೌಕೆಗಳಲ್ಲಿ ಊಟವೆಂದರೆ ಗೊತ್ತಾದ ಹೊತ್ತು, ಗೊತ್ತಾದ ಮೇಜು, ಬಡಿಸಲು ಗೊತ್ತಾದ ಪರಿಚಾರಕ. 1990ರಲ್ಲಿ ಯಾನ ಆರಂಭಿಸಿದ ‘ಕ್ರಿಸ್ಟಲ್ ಹಾರ್ಮನಿ’ ಹಡಗು ಇಟಲಿ ಮತ್ತು ಜಪಾನ್ ಅಡುಗೆಯ ಎರಡು ಬೇರೆ ಭೋಜನಶಾಲೆಗಳನ್ನು ತೆರೆದು ಹೆಸರು ಮಾಡಿತು. 2000ರಲ್ಲಿ ನಾರ್ವೇಜಿಯನ್ ಕಂಪನಿಯು ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ ಹೊತ್ತು ಮತ್ತು ಮೇಜುಗಳ ಕಟ್ಟುಪಾಡನ್ನು ಸಡಿಲಿಸಿತು. ಯಾರು ಎಲ್ಲಿ ಬೇಕಾದರೂ ಎಷ್ಟು ಹೊತ್ತಿಗೆ ಬೇಕಾದರೂ ಉಣ್ಣಬಹುದೆಂಬ ಈ ಕ್ರಮ ಕ್ರಮೇಣ ಇತರ ಕಂಪನಿಗಳಿಗೂ ಹಬ್ಬಿತು. 2024ರ ಜನವರಿಯಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಂತೂ ಊಟದ ತಾಣಗಳೇ ಇಪ್ಪತ್ತಕ್ಕೂ ಹೆಚ್ಚು. ಆಯ್ಕೆ ಹೆಚ್ಚಿದಂತೆ ಖರ್ಚಿನ ದಾರಿಗಳೂ ಹೆಚ್ಚಿದುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಣದ ಲೆಕ್ಕ

ವಿಶೇಷ ಭೋಜನಶಾಲೆಗಳಲ್ಲಿ ಹಣ ಪಡೆಯುವ ಬಗೆ ಎರಡು. ತಲೆಗೆ ಇಷ್ಟೆಂದು ನಿಗದಿಪಡಿಸಿ, ಆ ಹಣಕ್ಕೆ ಪೂರ್ಣ ಭೋಜನ ಕೊಡುವುದು ಒಂದು ಬಗೆ. ದೊಡ್ಡ ಹಡಗುಗಳಲ್ಲಿ ರಾತ್ರಿಯ ಊಟಕ್ಕೆ ಇದು ಸಾಮಾನ್ಯವಾಗಿ 40ರಿಂದ 70 ಡಾಲರುಗಳವರೆಗೆ ಇರುತ್ತದೆ. ತಿಂದ ಭಕ್ಷ್ಯಕ್ಕೆ ಮಾತ್ರ ಬೆಲೆ ಕಟ್ಟುವುದು ಇನ್ನೊಂದು ಬಗೆ. ಎರಡರ ಮೇಲೂ ಬಡಿಸಿದವರ ಇನಾಮೆಂದು ಶೇಕಡ 18ರಿಂದ 20ರಷ್ಟು ಸೇರಿಸಲಾಗುತ್ತದೆ. ಸಸ್ಯಾಹಾರಿಗಳು ಈ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಬೇಕು. ನಿಗದಿತ ದರದ ಕಡೆ ದುಬಾರಿ ಮಾಂಸ, ಮೀನುಗಳನ್ನು ತಿಂದವರಿಗೂ ಬೇಯಿಸಿದ ಆಲೂಗಡ್ಡೆ ತಿಂದವರಿಗೂ ಬೆಲೆ ಒಂದೇ. ನಾವು ತಿನ್ನದ ಪದಾರ್ಥದ ಬೆಲೆಯನ್ನೂ ನಾವೇ ತೆತ್ತಂತಾಗುತ್ತದೆ. ಸುಟ್ಟ ಮಾಂಸಕ್ಕೆ ಹೆಸರಾದ ‘ಸ್ಟೇಕ್ ಹೌಸ್’ ಭೋಜನಶಾಲೆಗಳಿಗೆ ನಮ್ಮಂತಹವರು ಹೋಗುವುದು ಈ ಒಂದು ಲೆಕ್ಕದಿಂದಲೇ ವ್ಯರ್ಥವೆಂದು ನಮ್ಮ ಅಭಿಪ್ರಾಯ.

ಕಂಪನಿಗಳು ಮೂರು ರಾತ್ರಿಯದೋ ಐದು ರಾತ್ರಿಯದೋ ಒಟ್ಟು ಕಟ್ಟನ್ನೂ ಮಾರುತ್ತವೆ. ಬಿಡಿಯಾಗಿ ಕೊಳ್ಳುವುದಕ್ಕಿಂತ ಇದು ಅಗ್ಗ. ಅಳಿಯಂದಿರು ಮೊದಲು ಮೂರು ರಾತ್ರಿಯ ಕಟ್ಟನ್ನೇ ತೆಗೆದುಕೊಳ್ಳಬೇಕೆಂದಿದ್ದರು. ಇಟಲಿಯ ಭೋಜನಶಾಲೆಯ ಒಂದು ರಾತ್ರಿಯ ಲೆಕ್ಕ ಹೀಗಿತ್ತು: ಏಳು ಜನ ದೊಡ್ಡವರಿಗೆ ತಲಾ 50ರಂತೆ 350 ಡಾಲರು, ಇಬ್ಬರು ಮಕ್ಕಳಿಗೆ ತಲಾ 15ರಂತೆ 30 ಡಾಲರು, ಇನಾಮು ಸೇರಿ ಒಟ್ಟು 456 ಡಾಲರು. ನಮ್ಮ ಹಣದಲ್ಲಿ ಸುಮಾರು 38 ಸಾವಿರ ರೂಪಾಯಿ. ಮೂರು ರಾತ್ರಿಯೆಂದರೆ ರಿಯಾಯಿತಿ ಕಳೆದರೂ ಲಕ್ಷದ ಸಮೀಪ. ಲೆಕ್ಕವನ್ನು ಮೌನವಾಗಿ ಕೇಳುತ್ತಿದ್ದ ಅಕ್ಕನವರು ಕೊನೆಗೆ ಒಂದೇ ಮಾತು ಕೇಳಿದರು: “ಊಟ ಆಗಲೇ ಟಿಕೀಟಿನಾಗೆ ಐತಿ ಅಂದಿರಿ. ಹಂಗಾದರೆ ಇದು ಯಾವ ಹಸಿವಿಗೆ, ತಮ್ಮಾ?”

ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಮಠದ ದಾಸೋಹದಲ್ಲಿ ಬಡವ ಬಲ್ಲಿದರು ಒಂದೇ ಸಾಲಿನಲ್ಲಿ ಕುಳಿತು ಒಂದೇ ಅನ್ನವನ್ನು ಉಣ್ಣುವುದನ್ನು ಕಂಡು ಬೆಳೆದವರು ನಾವು. ಹೆಚ್ಚು ಹಣ ತೆತ್ತವರಿಗೆ ಬೇರೆ ಕೋಣೆ, ಬೇರೆ ಬಡಿಸುವಿಕೆ ಎಂದರೆ ಅಕ್ಕನವರ ಕಣ್ಣಿಗೆ ಅದು ಪಂಕ್ತಿಭೇದವೇ. ಅಳಿಯಂದಿರು ಬೇಸರಿಸಿಕೊಳ್ಳಲಿಲ್ಲ. ಅವರ ಇಚ್ಛೆಯ ಹಿಂದೆಯೂ ನ್ಯಾಯವಾದ ಕಾರಣವಿತ್ತು. ನಾವು ಹೋಗಲಿದ್ದ ಹಡಗಿನ ಮುಖ್ಯ ಭೋಜನಶಾಲೆಯಲ್ಲಿ ಗೊತ್ತಾದ ಮೇಜಿರಲಿಲ್ಲ. ಬಂದವರು ಬಂದಂತೆ ಕುಳಿತುಕೊಳ್ಳುವ ಕ್ರಮ. ಒಂಬತ್ತು ಜನಕ್ಕೆ ಒಂದೆಡೆ ಜಾಗ ಸಿಗುವುದು ಕಷ್ಟವೆಂದು ಅವರು ತಿಳಿದುಕೊಂಡಿದ್ದರು. ವರ್ಷಗಟ್ಟಲೆ ಎರಡು ಖಂಡಗಳಲ್ಲಿ ಹಂಚಿಹೋಗಿದ್ದ ಕುಟುಂಬ ಒಂದು ರಾತ್ರಿಯಾದರೂ ಅವಸರವಿಲ್ಲದೆ ಒಂದೇ ಮೇಜಿಗೆ ಕೂಡಲಿ ಎಂಬುದು ಅವರ ಆಸೆ. ಎರಡೂ ಮಾತನ್ನು ತೂಗಿ ನೋಡಿ, ಕಟ್ಟನ್ನು ಕೈಬಿಟ್ಟೆವು. ಎಲ್ಲರೂ ಕೂಡಿ ಒಂದೇ ಒಂದು ರಾತ್ರಿ ಎಂದು ನಿರ್ಧರಿಸಿದೆವು.

ಪಾತ್ರೆಯೊಳಗಿನ ವಿಚಾರ

ಇನ್ನು ಯಾವ ಭೋಜನಶಾಲೆ ಎಂಬ ಪ್ರಶ್ನೆ. ಟಿಕೆಟ್ಟು ಕೊಡಿಸಿದ ಮಧ್ಯವರ್ತಿಯೊಬ್ಬರು, ಹಡಗಿನ ಎಲ್ಲ ಭೋಜನಶಾಲೆಗಳಲ್ಲಿಯೂ ಭಾರತೀಯ ಸಸ್ಯಾಹಾರ ದೊರೆಯುತ್ತದೆಂದು ಭರವಸೆ ಕೊಟ್ಟಿದ್ದರು. ನಮ್ಮ ಮಗಳು ಕಂಪನಿಗೇ ಬರೆದು ಕೇಳಿದಾಗ ಆ ಮಾತು ಮುಖ್ಯ ಭೋಜನಶಾಲೆಗೆ ಮಾತ್ರ ಅನ್ವಯಿಸುವುದೆಂದು ತಿಳಿದುಬಂದಿತು. ಆದ್ದರಿಂದ ಓದುಗರು ಬಾಯಿಮಾತನ್ನು ನೆಚ್ಚದೆ ಲಿಖಿತವಾಗಿ ಕೇಳುವುದು ಲೇಸು.

ಪಾಶ್ಚಾತ್ಯರಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ, ಹಾಲುಗಳನ್ನು ಒಳಗೊಂಡದ್ದು. ಮೊಟ್ಟೆಯೂ ಬೇಡವೆಂದರೆ ಅದನ್ನು ಬಿಡಿಸಿ ಹೇಳಬೇಕು. ಅದಕ್ಕಿಂತ ಸೂಕ್ಷ್ಮವಾದುದು ಕಣ್ಣಿಗೆ ಕಾಣದ ಪದಾರ್ಥ. ಇಟಲಿಯ ತರಕಾರಿ ಸೂಪಾದ ‘ಮಿನೆಸ್ಟ್ರೋನೆ’ಯನ್ನೂ ಅನ್ನದಿಂದ ಮಾಡುವ ‘ರಿಸೊಟ್ಟೊ’ವನ್ನೂ ಕೋಳಿಯ ಎಲುಬು ಬೇಯಿಸಿದ ಕಟ್ಟಿನಲ್ಲಿ ಮಾಡುವ ರೂಢಿ ವ್ಯಾಪಕವಾಗಿದೆ. ‘ಪಾರ್ಮೆಸಾನ್’ ಎಂಬ ಹೆಸರಾಂತ ಗಿಣ್ಣನ್ನು ಹೆಪ್ಪುಗಟ್ಟಿಸಲು ಇಟಲಿಯ ಮೂಲ ವಿಧಾನದಲ್ಲಿ ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಹಸಿಯಾಗಿ ಲಟ್ಟಿಸಿದ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಒಣಗಿಸಿದ ಪಾಸ್ತಾ ಬಹುಮಟ್ಟಿಗೆ ಗೋಧಿ ಮತ್ತು ನೀರಿನದು. ಫ್ರೆಂಚರ ಈರುಳ್ಳಿ ಸೂಪಿಗೆ ದನದ ಮಾಂಸದ ಕಟ್ಟೇ ಆಧಾರ. ಜಪಾನಿನ ಸಾರುಗಳ ಮೂಲ ಒಣಗಿಸಿದ ಮೀನಿನ ‘ದಾಶಿ’. ಥಾಯ್ ಅಡುಗೆಯಲ್ಲಿ ಉಪ್ಪಿನ ಬದಲು ಮೀನಿನ ರಸವೇ ಬೀಳುವುದುಂಟು. ಮೆಕ್ಸಿಕೋದವರ ಅರೆದ ಅವರೆಯಂತಹ ಖಾದ್ಯಕ್ಕೆ ಹಂದಿಯ ಕೊಬ್ಬು ಸೇರಿಸುವ ಸಂಪ್ರದಾಯವಿದೆ. ಸೊಪ್ಪಿನ ‘ಸೀಸರ್ ಸಲಾಡ್’ ಮೇಲೆ ಹಾಕುವ ರಸದಲ್ಲಿ ‘ಆಂಚೊವಿ’ ಎಂಬ ಸಣ್ಣ ಮೀನು ಇರುತ್ತದೆ. ಮೆತ್ತಗೆ ಅಲುಗಾಡುವ ಅನೇಕ ಸಿಹಿಗಳಲ್ಲಿ ಪ್ರಾಣಿಜನ್ಯವಾದ ಜೆಲಾಟಿನ್ ಇರುತ್ತದೆ. ಹೆಸರಿನಲ್ಲಿ ಮಾಂಸವಿಲ್ಲವೆಂದ ಮಾತ್ರಕ್ಕೆ ಪಾತ್ರೆಯಲ್ಲಿಯೂ ಇಲ್ಲವೆಂದು ತಿಳಿಯಲಾಗದು.

ಇದನ್ನೆಲ್ಲ ಓದಿ ಅಂಜಬೇಕಾಗಿಲ್ಲ. ಹೇಳಿ ಮಾಡಿಸುವ ಅಡುಗೆಯಾದ್ದರಿಂದ ವಿಶೇಷ ಭೋಜನಶಾಲೆಗಳಲ್ಲಿ ಬದಲಾವಣೆ ಕೇಳುವುದು ಸುಲಭ. ನಮಗೆ ಇಟಲಿಯದೇ ಸರಿಯೆನಿಸಿತು. ಒಣ ಪಾಸ್ತಾ, ಟೊಮ್ಯಾಟೊ, ಬೆಳ್ಳುಳ್ಳಿ, ತುಳಸಿಯನ್ನು ಹೋಲುವ ಬೇಸಿಲ್ ಎಲೆ, ಆಲಿವ್ ಎಣ್ಣೆ, ಸುಟ್ಟ ತರಕಾರಿ, ರೊಟ್ಟಿ ಇವಿಷ್ಟರಿಂದಲೇ ಅಲ್ಲಿ ಒಂದು ಊಟ ಸಿದ್ಧವಾಗುತ್ತದೆ.

ಮೊಮ್ಮಕ್ಕಳ ಮನಸ್ಸು ಮಾತ್ರ ಜಪಾನಿ ‘ತೆಪ್ಪನ್ಯಾಕಿ’ಯ ಮೇಲೆ. ಅಲ್ಲಿ ಬಾಣಸಿಗನು ಉಣ್ಣುವವರ ಎದುರಿಗೇ ದೊಡ್ಡ ಕಬ್ಬಿಣದ ಕಾವಲಿಯ ಮೇಲೆ ಅಡುಗೆ ಮಾಡುತ್ತ, ಸೌಟು ಚಾಕುಗಳನ್ನು ಗಾಳಿಯಲ್ಲಿ ತಿರುಗಿಸಿ ಹಿಡಿಯುತ್ತಾನೆ. ಕಾವಲಿ ಒಂದೇ, ಅದರ ಮೇಲೆ ಎಲ್ಲವೂ ಬೇಯುತ್ತವೆ. ಅಕ್ಕನವರು ಅಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಮಕ್ಕಳ ಆಸೆಯನ್ನು ಮುರಿಯುವುದೂ ಸಲ್ಲದು. ಜೂನೋದ ಸಂಜೆ ಮಕ್ಕಳು ತಂದೆಯ ಜೊತೆ ಹೋಗುವುದು, ಅವರ ತರಕಾರಿಯನ್ನು ಒಳಗಿನ ಅಡುಗೆಮನೆಯಲ್ಲಿ ಬೇರೆ ಬಾಣಲೆಯಲ್ಲಿ ಬೇಯಿಸಿ ತರುವುದು ಎಂದು ಮಗಳು ಮೊದಲೇ ಬರೆದು ಒಪ್ಪಿಸಿದಳು. ಮಕ್ಕಳು ಬಂದು ಅಕ್ಕನವರ ಮುಂದೆ, ಈರುಳ್ಳಿಯ ಬಿಲ್ಲೆಗಳನ್ನು ಗೋಪುರದಂತೆ ಪೇರಿಸಿ ಅದರಿಂದ ಜ್ವಾಲಾಮುಖಿಯಂತೆ ಬೆಂಕಿಯೆಬ್ಬಿಸಿದ ಪವಾಡವನ್ನು ಅಭಿನಯಿಸಿ ತೋರಿಸಿದಾಗ ಹೆಚ್ಚು ನಕ್ಕವರು ಅಕ್ಕನವರೇ.

ದಿನ ಮತ್ತು ಹೊತ್ತು

ಭೋಜನಶಾಲೆಯನ್ನು ಆರಿಸುವುದಕ್ಕಿಂತ ದಿನವನ್ನು ಆರಿಸುವುದು ಮುಖ್ಯವೆಂಬುದು ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತಾಗ ನಮಗೆ ಮನದಟ್ಟಾಯಿತು. ನಮ್ಮ ದಾರಿ ಹೀಗಿತ್ತು: ಮೊದಲ ದಿನ ಸಿಯಾಟಲ್, ಎರಡನೆಯ ದಿನ ಬರಿಯ ಕಡಲು, ಮೂರನೆಯ ದಿನ ಜೂನೋ, ನಾಲ್ಕನೆಯ ದಿನ ಸ್ಕಾಗ್ವೇ, ಐದನೆಯ ದಿನ ಗ್ಲೇಸಿಯರ್ ಬೇ, ಆರನೆಯ ದಿನ ಕೆಚಿಕಾನ್, ಏಳನೆಯ ಸಂಜೆ ಕೆನಡಾದ ವಿಕ್ಟೋರಿಯಾ, ಎಂಟನೆಯ ಬೆಳಗ್ಗೆ ಮರಳಿ ಸಿಯಾಟಲ್.

ಮೊದಲ ರಾತ್ರಿ ವಿಶೇಷ ಭೋಜನಶಾಲೆಗಳು ಖಾಲಿ ಇರುತ್ತವೆ. ಎಷ್ಟೋ ಕಂಪನಿಗಳು ಅಂದು ರಿಯಾಯಿತಿಯನ್ನೂ ಕೊಡುತ್ತವೆ. ಆದರೆ ಸಾಮಾನು ಸಾಗಿಸಿ, ಸುರಕ್ಷತೆಯ ಪಾಠ ಮುಗಿಸಿ, ದಣಿದ ಹಿರಿಯರಿಗೆ ಅಂದು ನಿದ್ರೆಯೇ ಭೋಜನ. ಎರಡನೆಯ ದಿನ ಹಡಗು ವ್ಯಾಂಕೂವರ್ ದ್ವೀಪದ ಹೊರಮಗ್ಗುಲಿನಲ್ಲಿ, ಶಾಂತಸಾಗರದ ಬಯಲಿನಲ್ಲಿ ಸಾಗುತ್ತದೆ. ಅಲೆಗಳ ಹೊಯ್ದಾಟಕ್ಕೆ ಹೊಟ್ಟೆ ತೊಳಸುವ ಸಂಭವವಿರುವುದರಿಂದ ಆ ರಾತ್ರಿ ಭಾರಿ ಊಟ ತಕ್ಕುದಲ್ಲ. ಜೂನೋದಲ್ಲಿ ಹಡಗು ರಾತ್ರಿಯವರೆಗೆ ನಿಂತಿರುತ್ತದೆ. ಜನರು ಊರಿನಲ್ಲಿ ಅಡ್ಡಾಡುತ್ತಿರುವುದರಿಂದ ಹಡಗಿನಲ್ಲಿ ಜಾಗ ಸಲೀಸು. ಗ್ಲೇಸಿಯರ್ ಬೇ ದಿನ ಹಗಲು ಯಾವ ಊಟವನ್ನೂ ಕಾಯ್ದಿರಿಸಬಾರದು. ದಿನಕ್ಕೆ ಎರಡೇ ವಿಹಾರ ನೌಕೆಗಳಿಗೆ ಪ್ರವೇಶವಿರುವ ಆ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 34 ಕಿಲೋಮೀಟರ್ ಉದ್ದದ ಮಾರ್ಜರಿ ಹಿಮನದಿಯು ಕಡಲಿಗೆ ಬಂದು ಮುಟ್ಟುವ ನೋಟವನ್ನು ಬಿಟ್ಟು ಕಿಟಕಿಯಿಲ್ಲದ ಕೋಣೆಯಲ್ಲಿ ಪಾಸ್ತಾಕ್ಕಾಗಿ ಕಾಯುವುದು ವಿವೇಕವಲ್ಲ. ಇನ್ನು ವಿಕ್ಟೋರಿಯಾ. ಪರದೇಶದ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ಹೊರದೇಶದ ಬಂದರೊಂದನ್ನು ಮುಟ್ಟಲೇಬೇಕೆಂಬುದು 1886ರ ಅಮೆರಿಕನ್ ಕಾನೂನಿನ ಫಲ. ಹೀಗಾಗಿ ಹಡಗು ಕೊನೆಯ ಸಂಜೆ ಕೆಲವೇ ಗಂಟೆ ಅಲ್ಲಿ ನಿಲ್ಲುತ್ತದೆ. ಅಂದು ಏಳು ಗಂಟೆಯ ಮೇಲೆ ಊಟ ಕಾಯ್ದಿರಿಸಿದರೆ ಊರು ತಪ್ಪುತ್ತದೆ.

ಉಳಿದದ್ದು ಸ್ಕಾಗ್ವೇ. 1897–98ರ ಚಿನ್ನದ ಬೇಟೆಯ ಕಾಲದಲ್ಲಿ ಸಾವಿರಾರು ಜನ ಕ್ಲಾಂಡೈಕ್ ನದಿಯ ಕಡೆಗೆ ಹೊರಟದ್ದು ಈ ಪುಟ್ಟ ಊರಿನಿಂದ. ಒಂದು ವರ್ಷಕ್ಕೆ ಸಾಕಾಗುವಷ್ಟು ಆಹಾರವಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಹಿಟ್ಟು, ಅವರೆಕಾಳು, ಸಕ್ಕರೆ, ಉಪಕರಣಗಳೆಲ್ಲ ಸೇರಿ ಸುಮಾರು ಒಂದು ಟನ್ ಭಾರವನ್ನು ಮಂಜಿನ ಕಣಿವೆಯಲ್ಲಿ ಹತ್ತಾರು ಬಾರಿ ಹತ್ತಿಳಿದು ಹೊರಬೇಕಾಗಿತ್ತು. 1900ರಲ್ಲಿ ಪೂರ್ಣಗೊಂಡ ವೈಟ್ ಪಾಸ್ ರೈಲಿನಲ್ಲಿ ಕುಳಿತು ಆ ಹಳೆಯ ಕಾಲುದಾರಿಯನ್ನು ನೋಡುವಾಗ, ಊಟದ ಆಯ್ಕೆಯನ್ನೇ ಒಂದು ಕಷ್ಟವೆಂದು ಬಗೆಯುವ ನಮ್ಮ ಕಾಲದ ಬಗೆಗೆ ತುಸು ನಾಚಿಕೆಯೆನಿಸಿದ್ದು ಸುಳ್ಳಲ್ಲ.

ಸಂಜೆ ಹಡಗು ಸ್ಕಾಗ್ವೇಯನ್ನು ಬಿಟ್ಟು ಲಿನ್ ಕೆನಾಲ್ ಎಂಬ ಕಡಲ ಕಣಿವೆಯಲ್ಲಿ ದಕ್ಷಿಣಕ್ಕೆ ಸಾಗುತ್ತದೆ. ಎರಡೂ ಬದಿಗೆ ಹಿಮದ ಬೆಟ್ಟ, ನಡುವೆ ಅಲೆಯಿಲ್ಲದ ನೀರು. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಸೂರ್ಯ ಪಶ್ಚಿಮದಲ್ಲಿರುವುದರಿಂದ ಹಡಗಿನ ಬಲಬದಿಯ ಕಿಟಕಿ ಶ್ರೇಷ್ಠ. ಇಷ್ಟೆಲ್ಲ ಯೋಚಿಸಿ ಆ ಸಂಜೆಯನ್ನೇ ಗೊತ್ತುಮಾಡಿದೆವು. ಹೊತ್ತಿನ ವಿಷಯದಲ್ಲಿ ಅಕ್ಕನವರ ಸಂಜೆಯ ಪೂಜೆಯನ್ನು ನೋಡಬೇಕಾಗಿತ್ತು. ಸೂರ್ಯಾಸ್ತವನ್ನು ಕಾದರೆ ರಾತ್ರಿ ಬಹಳ ಹೊತ್ತಾಗುವುದರಿಂದ ಅವರು ಗಡಿಯಾರವನ್ನೇ ಪ್ರಮಾಣವಾಗಿಟ್ಟುಕೊಂಡು ಆರೂವರೆಗೆ ಪೂಜೆಗೆ ಕುಳಿತುಕೊಳ್ಳುತ್ತಿದ್ದರು. ಹಡಗಿನಲ್ಲಿ ದೀಪ, ಕರ್ಪೂರ, ಊದುಬತ್ತಿಗಳಿಗೆ ಅನುಮತಿಯಿಲ್ಲವೆಂಬುದನ್ನು ಭಕ್ತರು ನೆನಪಿಡಬೇಕು. ವಿಭೂತಿ, ಪತ್ರೆ, ಪುಷ್ಪಗಳಲ್ಲಿಯೇ ಅವರ ಪೂಜೆ ಸಾಂಗವಾಗಿ ನಡೆಯಿತು. ಊಟ ಏಳೂವರೆಗೆ ಎಂದಾಯಿತು. ಅಲಾಸ್ಕಾದ ಸಮಯ ಸಿಯಾಟಲ್ಲಿಗಿಂತ ಒಂದು ಗಂಟೆ ಹಿಂದು. ಕಾಯ್ದಿರಿಸಿದ ಹೊತ್ತು ಯಾವಾಗಲೂ ಹಡಗಿನ ಗಡಿಯಾರದ ಪ್ರಕಾರ.

ಕಾಯ್ದಿರಿಸುವ ಕ್ರಮ

ಹಲವು ಕಂಪನಿಗಳಲ್ಲಿ ಹೊರಡುವ ಮೂರು ನಾಲ್ಕು ತಿಂಗಳ ಮುಂಚೆಯೇ ಕಂಪ್ಯೂಟರ್ ಮೂಲಕ ಅಥವಾ ಮೊಬೈಲಿನ ಆ್ಯಪ್ ಮೂಲಕ ಜಾಗ ಕಾಯ್ದಿರಿಸಬಹುದು. ದೊಡ್ಡ ಕೋಣೆ ಹಿಡಿದವರಿಗೆ ಕೆಲವು ದಿನ ಮೊದಲೇ ಅವಕಾಶವಿರುವುದುಂಟು. ಸಂಜೆ ಆರೂವರೆಯಿಂದ ಎಂಟರವರೆಗಿನ ಹೊತ್ತು ಬೇಗನೆ ತುಂಬಿಹೋಗುತ್ತದೆ. ದೊಡ್ಡ ಕುಟುಂಬಗಳಿಗೆ ಇಲ್ಲೊಂದು ತೊಡಕಿದೆ: ಆ್ಯಪ್‌ನಲ್ಲಿ ಆರೋ ಎಂಟೋ ಜನಕ್ಕಿಂತ ಹೆಚ್ಚಿಗೆ ಒಂದು ಮೇಜು ಸಿಗುವುದಿಲ್ಲ. ನಾವು ಐದು ಮತ್ತು ನಾಲ್ಕು ಜನರ ಎರಡು ಮೇಜುಗಳನ್ನು ಒಂದೇ ಹೊತ್ತಿಗೆ ಕಾಯ್ದಿರಿಸಿ, ಹಡಗು ಹತ್ತಿದ ದಿನವೇ ಆ ಭೋಜನಶಾಲೆಗೆ ಹೋಗಿ ಮೇಲ್ವಿಚಾರಕರನ್ನು ಕಂಡೆವು. ಅವರು ಬಲಬದಿಯ ಕಿಟಕಿಯ ಪಕ್ಕದ ಎರಡು ಮೇಜುಗಳನ್ನು ಕೂಡಿಸಿ ಕೊಡಲು ಒಪ್ಪಿದರು. ಮೊದಲ ದಿನದ ಈ ಭೇಟಿ ಕಂಪ್ಯೂಟರ್ ಮಾಡಲಾರದ ಕೆಲಸವನ್ನು ಮಾಡಿಸುತ್ತದೆ. ಬೇಡವೆನಿಸಿದರೆ ಸಾಮಾನ್ಯವಾಗಿ ಒಂದು ದಿನ ಮುಂಚಿತವಾಗಿ ರದ್ದುಪಡಿಸಬೇಕು. ತಿಳಿಸದೆ ತಪ್ಪಿಸಿದರೆ ದಂಡ ಬೀಳುತ್ತದೆ.

ಆಹಾರದ ನಿಯಮಗಳನ್ನು ತಿಳಿಸುವ ನಮೂನೆಯನ್ನು ಟಿಕೆಟ್ ಪಡೆದ ಕೂಡಲೇ ತುಂಬಿ ಕಳಿಸುವುದು, ಹಡಗು ಹತ್ತಿದ ಮೇಲೆ ಅದನ್ನು ಮತ್ತೊಮ್ಮೆ ಬಾಯಾರೆ ಹೇಳುವುದು ಎರಡೂ ಅವಶ್ಯ. ಹಾಗೆ ಹೇಳಿದ್ದರಿಂದಲೇ ನಮಗೆ ಮುಖ್ಯ ಭೋಜನಶಾಲೆಯಲ್ಲಿ ಅನಿರೀಕ್ಷಿತ ಭಾಗ್ಯವೊಂದು ಲಭಿಸಿತು. ಅಡುಗೆಮನೆಯ ತಂಡದಲ್ಲಿ ಮಂಗಳೂರು ಕಡೆಯ ಯುವಕರೊಬ್ಬರಿದ್ದರು. ಎರಡನೆಯ ಸಂಜೆ ಅವರೇ ಮೇಜಿನ ಬಳಿಗೆ ಬಂದು ಕನ್ನಡದಲ್ಲಿ, “ಅಮ್ಮಾ, ನಾಳೆಗೆ ನಿಮಗೆ ಏನು ಮಾಡಲಿ?” ಎಂದು ಅಕ್ಕನವರನ್ನು ಕೇಳಿದರು. ಅದುವರೆಗೆ ಮೊಸರು, ಹಣ್ಣು, ನಾವು ಒಯ್ದಿದ್ದ ಅವಲಕ್ಕಿಯಲ್ಲಿ ದಿನ ಕಳೆದಿದ್ದ ಅಕ್ಕನವರು, “ಬೇರೆ ಪಾತ್ರೆಯಾಗೆ ಒಂದು ತಿಳಿಸಾರು, ಅನ್ನ ಆದರೆ ಸಾಕಪ್ಪಾ” ಎಂದರು. ಮರುದಿನದಿಂದ ಜೀರಿಗೆ ಮೆಣಸಿನ ಸಾರು, ತೊವ್ವೆ, ಒಂದು ಪಲ್ಯ ತಪ್ಪದೆ ಬಂದುವು. ಅದಕ್ಕೆ ಒಂದು ಡಾಲರನ್ನೂ ಹೆಚ್ಚಿಗೆ ಕೇಳಲಿಲ್ಲ. ಎಲ್ಲರೂ ಉಣ್ಣುವ ಸಾಲಿನಲ್ಲಿಯೇ, ಎಲ್ಲರಿಗೂ ಸೇರಿದ ಹಣದಲ್ಲಿಯೇ, ಆ ಹಡಗಿನಲ್ಲಿ ನಮ್ಮ ಪಾಲಿನ ಅತ್ಯುತ್ತಮ ಭೋಜನ ದೊರೆತದ್ದು.

ಲಿನ್ ಕೆನಾಲ್‌ನ ಸಂಜೆ

ನಾಲ್ಕನೆಯ ಸಂಜೆ ಅಕ್ಕನವರು ಇಳಕಲ್ ಸೀರೆಯುಟ್ಟು ಬಂದು ಕಿಟಕಿಯ ಪಕ್ಕ ಕುಳಿತರು. ಮೇಲ್ವಿಚಾರಕರು ಭಕ್ಷ್ಯಪಟ್ಟಿಯನ್ನು ಹಿಡಿದು ಒಂದೊಂದಾಗಿ ವಿವರಿಸಿದರು. ಮಿನೆಸ್ಟ್ರೋನೆಯ ಬಗೆಗೆ ಕೇಳಿದಾಗ ಒಳಗೆ ಹೋಗಿ ವಿಚಾರಿಸಿ ಬಂದು, ಅದರಲ್ಲಿ ಕೋಳಿಯ ಕಟ್ಟಿದೆ, ಬೇಡವೆಂದು ಪ್ರಾಮಾಣಿಕವಾಗಿ ಹೇಳಿದರು. ಅಡುಗೆಮನೆ ಒಂದೇ, ಆದರೆ ತೊಳೆದ ಬಾಣಲೆ, ಹೊಸ ನೀರು ಬಳಸುವೆವೆಂದರು. ಅಕ್ಕನವರು ಕ್ಷಣಕಾಲ ಯೋಚಿಸಿ ತಲೆಯಾಡಿಸಿದರು. ಗಿಣ್ಣಿಲ್ಲದ ಟೊಮ್ಯಾಟೊ ಪಾಸ್ತಾ, ಬೆಳ್ಳುಳ್ಳಿ ಎಣ್ಣೆಯ ಪಾಸ್ತಾ, ಸುಟ್ಟ ಬದನೆ ಮತ್ತು ದೊಣ್ಣೆಮೆಣಸಿನಕಾಯಿ, ಬಿಸಿ ರೊಟ್ಟಿ, ಕೊನೆಗೆ ಹಣ್ಣಿನ ರಸವನ್ನು ಹೆಪ್ಪುಗಟ್ಟಿಸಿದ ‘ಸೋರ್ಬೆ’ ಬಂದುವು. ರುಚಿಯನ್ನು ಕುರಿತು ಉತ್ಪ್ರೇಕ್ಷೆ ಮಾಡಲಾರೆವು. ಉಪ್ಪು ಖಾರ ನಮ್ಮ ಬಾಯಿಗೆ ಕಡಿಮೆಯೇ. ಬೀಗರು ಮೆಲ್ಲಗೆ ಚಟ್ನಿಪುಡಿಯ ಪೊಟ್ಟಣ ತೆಗೆದಾಗ ಯಾರೂ ಬೇಡವೆನ್ನಲಿಲ್ಲ.

ಎರಡು ಗಂಟೆಗೂ ಮಿಕ್ಕಿ ಕುಳಿತಿದ್ದೆವು. ಯಾರೂ ಎಬ್ಬಿಸಲಿಲ್ಲ. ಅಕ್ಕನವರು ಮೊಮ್ಮಕ್ಕಳಿಗೆ ನಮ್ಮ ತಂದೆಯವರು ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಕರೆದೊಯ್ದ ಕಥೆ ಹೇಳಿದರು. ಬೀಗರು ತಮ್ಮ ಬಾಲ್ಯದ ಹುಬ್ಬಳ್ಳಿಯ ಕಥೆ ಹೇಳಿದರು. ಮಕ್ಕಳಿಗೆ ಅರ್ಥವಾಗದ ಮಾತುಗಳನ್ನು ಮಗಳು ಬಿಡಿಸಿ ಹೇಳಿದಳು. ಹೊರಗೆ ಹಿಮದ ನೆತ್ತಿಗಳು ಹೊಂಬಣ್ಣಕ್ಕೆ ತಿರುಗಿ, ನೀರಿನ ಮೇಲೆ ಅದೇ ಬಣ್ಣ ಹರಡಿತು. ಏಳುವಾಗ ಅಕ್ಕನವರು ಅಳಿಯಂದಿರ ಕಡೆ ತಿರುಗಿ, “ಇದೊಂದು ಹೊತ್ತಿಗೆ ದುಡ್ಡು ದಂಡ ಅಲ್ಲ ಬಿಡಪ್ಪಾ” ಎಂದರು. ಮತ್ತೊಂದು ರಾತ್ರಿಗೆ ಕಾಯ್ದಿರಿಸೋಣವೇ ಎಂದು ಅವರು ನಗುತ್ತ ಕೇಳಿದಾಗ, “ನಾಳೆ ನನಗೆ ಸಾರು ಹೇಳಿದ್ದಾರೆ” ಎಂದು ಅಕ್ಕನವರು ಎದ್ದೇಬಿಟ್ಟರು.

ಹೊರಡಲಿರುವವರಿಗೆ

ನಮ್ಮ ಅನುಭವದಿಂದ ಓದುಗ ಬಂಧುಗಳಿಗೆ ಕೆಲವು ಮಾತುಗಳನ್ನು ನಿವೇದಿಸುತ್ತೇವೆ. ಟಿಕೆಟ್ ಪಡೆಯುವಾಗಲೇ ಗೊತ್ತಾದ ಹೊತ್ತಿನ, ಗೊತ್ತಾದ ಮೇಜಿನ ಊಟದ ವ್ಯವಸ್ಥೆ ಇದೆಯೇ ಎಂದು ಕೇಳಿರಿ. ಹಲವು ಕಂಪನಿಗಳಲ್ಲಿ ಇದು ಇನ್ನೂ ಉಂಟು. ದಿನವೂ ಅದೇ ಪರಿಚಾರಕರು ಬಡಿಸುವುದರಿಂದ ನಿಮ್ಮ ನಿಯಮಗಳನ್ನು ಒಮ್ಮೆ ಹೇಳಿದರೆ ಸಾಕು, ಕುಟುಂಬವೂ ದಿನವೂ ಕೂಡಿ ಉಣ್ಣಬಹುದು. ಮನೆಯ ಅಡುಗೆಯನ್ನು ಹಡಗಿನೊಳಕ್ಕೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯಲ್ಲಿ ಮುದ್ರೆ ಹಾಕಿದ ಪೊಟ್ಟಣಗಳಿಗೆ ಅಡ್ಡಿಯಿಲ್ಲ. ನೀರು ಕಾಯಿಸುವ, ಅನ್ನ ಮಾಡುವ ವಿದ್ಯುತ್ ಉಪಕರಣಗಳನ್ನು ಒಯ್ಯಬಾರದು. ಚಿಕ್ಕ ಮಕ್ಕಳಿದ್ದರೆ ವಯಸ್ಸಿನ ನಿಯಮವನ್ನೂ ನೋಡಿರಿ. ಡಿಸ್ನಿಯ ಹಲವು ಹಡಗುಗಳ ‘ಪಾಲೊ’ ಭೋಜನಶಾಲೆಗೆ ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶ.

ದೂರದ ಯಾನ ಬೇಡವೆನ್ನುವವರಿಗೆ ಸಮೀಪದಲ್ಲಿಯೂ ಅವಕಾಶವಿದೆ. 2021ರಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದ ಕಾರ್ಡೇಲಿಯಾ ಕಂಪನಿಯ ಹಡಗಿನಲ್ಲಿ ಜೈನ ಪದ್ಧತಿಯ ಅಡುಗೆಯೂ ದೊರೆಯುತ್ತದೆ. ಬ್ರಿಟನ್ನಿನ ಪಿ ಅಂಡ್ ಓ ಕಂಪನಿಯ ಕೆಲವು ಹಡಗುಗಳಲ್ಲಿ ‘ಸಿಂಧು’ ಎಂಬ ಭಾರತೀಯ ಭೋಜನಶಾಲೆಯೇ ಇದೆ. ಆದರೆ ಭಾರತೀಯವೆಂದ ಮಾತ್ರಕ್ಕೆ ಶುದ್ಧ ಸಸ್ಯಾಹಾರವೆಂದು ತಿಳಿಯಬೇಡಿರಿ; ಅಲ್ಲಿಯೂ ಮಾಂಸ ಬೇಯುತ್ತದೆ, ಅಲ್ಲಿಯೂ ಪಾತ್ರೆಯನ್ನು ವಿಚಾರಿಸಲೇಬೇಕು.

ವಿಶೇಷ ಭೋಜನಶಾಲೆಯ ಹೆಸರಿಗೆ, ಅಲಂಕಾರಕ್ಕೆ, ರಿಯಾಯಿತಿಯ ಜಾಹೀರಾತಿಗೆ ಮನಸೋತು ಕಾಯ್ದಿರಿಸುವುದಕ್ಕೆ ಮುಂಚೆ ಮನೆಯವರೆಲ್ಲ ಕೂಡಿ ಕುಳಿತು ಮಾತನಾಡುವುದು ಒಳ್ಳೆಯದು. ಅಲ್ಲಿ ಮನೆಯ ಹಿರಿಯರು ನಿಶ್ಚಿಂತೆಯಿಂದ ಉಣ್ಣಬಲ್ಲರೇ, ಮಕ್ಕಳು ಸಂತೋಷಪಡುವರೇ, ಆ ಸಂಜೆ ಕಿಟಕಿಯ ಹೊರಗೆ ಏನಿರುತ್ತದೆ, ಎಲ್ಲರಿಗೂ ಒಂದೆಡೆ ಜಾಗವಿದೆಯೇ, ಈ ನಾಲ್ಕನ್ನು ಮೊದಲು ಕೇಳಿಕೊಳ್ಳಿರಿ. ನಾಲ್ಕಕ್ಕೂ ತೃಪ್ತಿಕರವಾದ ಉತ್ತರ ದೊರೆತರೆ ತಡಮಾಡದೆ ಕಾಯ್ದಿರಿಸಿರಿ. ದೊರೆಯದಿದ್ದರೆ ಎಲ್ಲರೊಡನೆ ಮುಖ್ಯ ಭೋಜನಶಾಲೆಯಲ್ಲಿ ಕುಳಿತು ನೆಮ್ಮದಿಯಿಂದ ಉಣ್ಣಿರಿ. ಅದರ ಹಣವನ್ನು ನೀವು ಆಗಲೇ ತೆತ್ತಿದ್ದೀರಿ.